ಕಳಕಮ್ಮನ ಬಲಗೈ

ಚಂದ್ರಿ ಎಂಬ ಜರ್ಸಿ ಆಕಳು ಈದ ನಾಲ್ಕನೆಯ ದಿನ ಬೆಳಿಗ್ಗೆ ಕಳಕಮ್ಮ ಅದರ ಬಾಯೊಳಗೆ ಮೊಣಕೈವರೆಗೆ ಬಲಗೈ ಹಾಕಿದಳು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದಿದ್ದಳು. ಹೆಬ್ಬೆರಳ ಬುಡದಲ್ಲಿ ಹಿಂದಿನ ದಿನ ಕುಡುಗೋಲು ತಾಗಿದ ಗಾಯ ಇನ್ನೂ ಹಸಿಯಾಗಿತ್ತು. ಅಂದಿನಿಂದ ಆ ಮನೆಯ ಕಣ್ಣೆಲ್ಲ ಆ ಕೈಯ ಮೇಲೆಯೇ ಇದೆ.

ಯಲಬುರ್ಗಾ ಕಡೆಯ ಮಂಗಳೂರು ಎಂಬ ನಮ್ಮ ಹಳ್ಳಿಯಲ್ಲಿ ಆ ಕೈಯನ್ನು ಅರಿಯದವರಿಲ್ಲ. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೆ, ಮುಂಗಾಲು ಮಡಚಿಕೊಂಡು ನಿಂತರೆ, ಜನ ದನದ ಡಾಕ್ಟರಿಗೆ ಫೋನ್ ಹಚ್ಚುವ ಮೊದಲು ಕಳಕಮ್ಮನ ಬಾಗಿಲಿಗೆ ಬರುತ್ತಿದ್ದರು. ತೆಳ್ಳಗಿನ, ಉದ್ದ ಬೆರಳಿನ ಕೈ. ಅದಕ್ಕೆ ಎಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ, ಗೊರಸು ಎಲ್ಲಿ, ಮೂತಿ ಎಲ್ಲಿ ಎಂದು ಒಳಗೆ ಹುಡುಕುತ್ತಿದ್ದಳು. ಆಗ ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು, ಯಾರೊಂದಿಗೋ ಮಾತಾಡುತ್ತಿರುವಂತೆ. ಕರು ಹೊರಗೆ ಬಂದ ಮೇಲೆ ಅದರ ಬಾಯಿಯ ಲೋಳೆಯನ್ನು ತಾನೇ ತೆಗೆಯಬೇಕು. ಅದೊಂದೇ ಅವಳ ಹಟ. ಬೇರೇನನ್ನೂ ಯಾರಿಂದಲೂ ಕೇಳಿದವಳಲ್ಲ.

"ನಮ್ಮನಿ ಡಾಕ್ಟರು ಸಾಲಿ ಕಟ್ಟಿ ಹತ್ತಿಲ್ಲ ನೋಡ್ರಿ," ಎಂದು ಗಂಡ ಈಶಪ್ಪ ಬಂದವರ ಮುಂದೆ ನಗುತ್ತಿದ್ದ. "ಆದ್ರ ಊರಾಗಿನ ಅರ್ಧ ದನ ಇಕಿ ಕೈಯಾಗ ಹುಟ್ಟ್ಯಾವ."

"ಉಳಿದರ್ಧ ನಿಮ್ಮ ಮಾತ ಕೇಳಿ ಹೊಟ್ಟ್ಯಾಗ ಕುಂತಾವ," ಎಂದು ಅವಳು ಒಳಗಿಂದಲೇ ಅನ್ನುತ್ತಿದ್ದಳು.

ಎಳ್ಳಮಾವಾಸ್ಯೆ ಮುಗಿದು ವಾರವಾಗಿತ್ತು. ಎರೆಹೊಲಗಳ ಮೇಲೆ ಬೆಳಗಿನ ಮಂಜು ಕೂತರೆ ಬಿಸಿಲೇರುವವರೆಗೂ ಏಳುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಚಂದ್ರಿ ಯಾರ ಕೈಯನ್ನೂ ಬೇಡದೆ ಹೆಣ್ಣು ಕರುವನ್ನು ಈಯಿತು. ಕೆಂದು ಮೈ, ಹಣೆಯಲ್ಲಿ ಬೆರಳೊತ್ತಿದಷ್ಟು ಬಿಳಿ. ಕಳಕಮ್ಮ ಬಾಯಿಯ ಲೋಳೆ ತೆಗೆದು, ಮೆತ್ತನೆಯ ಗೊರಸಿನ ತುದಿ ಚಿವುಟಿ, ಗೋಣಿಚೀಲದಿಂದ ಮೈ ಒರೆಸಿದಳು. ಸೊಸೆ ಸುರೇಖಾ ಬೆಂಕಿ ಹಾಕಿದಳು. ಚಂದ್ರಿ ಕರುವನ್ನು ನೆಕ್ಕತೊಡಗಿತು. ಬೆನ್ನು, ಕಿವಿ, ಹೊಟ್ಟೆ, ಇನ್ನೂ ಹಸಿಯಾಗಿದ್ದ ಹೊಕ್ಕುಳು. ಸಾಕು ಅನ್ನಿಸಿದ ಮೇಲೂ ನಿಲ್ಲಿಸಲಿಲ್ಲ. ಕರು ಎದ್ದು ನಿಲ್ಲಲು ಹೋದರೆ ನಾಲಗೆಯ ರಭಸಕ್ಕೇ ಬೀಳುತ್ತಿತ್ತು.

"ನೋಡ್ ಸುರೇಖಾ," ಎಂದಳು ಕಳಕಮ್ಮ. "ನೀ ಎಮ್ಮಿ ತೊಳಿಯೂದಕಿಂತ ಛಲೋ ತೊಳಿತೈತಿ."

"ನಾನೂ ನಾಲಗಿ ಹಚ್ಚಲೇನ್ರಿ ಅತ್ತೀ?"

ಎಲ್ಲರೂ ನಕ್ಕರು. ಅಂದಿನ ಗಿಣ್ಣದ ಹಾಲಿನಲ್ಲಿ ಒಂದು ತಂಬಿಗೆ ಪಕ್ಕದ ಮನೆಯ ಸಬೀನಾಳಿಗೆ ಹೋಯಿತು. ಅವಳು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ಎರಡು ತುಂಡು ತಿರುಗಿ ತಂದುಕೊಟ್ಟಳು.

ಮೂರನೆಯ ದಿನ ಚಂದ್ರಿ ಮೇವು ಬಿಟ್ಟಿತು. ಸಂಜೆಗೆ ಅದರ ದನಿ ಬದಲಾಯಿತು. ಕರುವನ್ನು ಕರೆಯುವ ಕೂಗಲ್ಲ. ಒಡಕು, ಉದ್ದ, ಕೊನೆಯಲ್ಲಿ ಹರಿದುಹೋಗುವ ಕೂಗು. ಅದನ್ನು ಕೇಳಿ ಕರು ಮೂಲೆಗೆ ಸರಿಯಿತು. ಮರುದಿನ ಬೆಳಿಗ್ಗೆ ಬಾಯಿಂದ ಜೊಲ್ಲು ದಾರವಾಗಿ ಇಳಿದು ಗೋದಲಿಯಲ್ಲಿ ನಿಂತಿತ್ತು.

"ಬಸವಕುಮಾರಗ ಫೋನ್ ಹಚ್ಚಲೇನು?" ಎಂದ ಈಶಪ್ಪ. ಬಸವಕುಮಾರ ಊರಿನ ದನದ ಡಾಕ್ಟರು.

"ಗಂಟಲದಾಗ ಕಣಕಿ ಸಿಕ್ಕೈತಿ. ಅದಕ್ಕ ಡಾಕ್ಟರ್ ಯಾಕ?"

"ಅತ್ತೀ, ಕೈಗೆ ಗಾಯ ಐತ್ರಿ," ಎಂದಳು ಸುರೇಖಾ.

"ಗಾಯ ಇಲ್ಲದ ಕೈ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಹಗ್ಗ ಹಿಡಿ ನೀ."

ಕೈ ಒಳಗೆ ಹೋಯಿತು. ಕಳಕಮ್ಮ ಎಂದಿನಂತೆ ಕಣ್ಣು ಮುಚ್ಚಿದಳು. ಜೋಳದ ಕಣಿಕೆ ಸಿಗಲಿಲ್ಲ, ಮುಳ್ಳು ಸಿಗಲಿಲ್ಲ. ಸೆಟೆಯದೆ ಬಿದ್ದಿದ್ದ ಬಿಸಿ ನಾಲಗೆ, ನುಂಗುವುದನ್ನೇ ಮರೆತಂತಿದ್ದ ಗಂಟಲು. ಕೈ ಹೊರಗೆ ಬಂದಾಗ ಅದಕ್ಕೆ ಏನೂ ತಿಳಿದಿರಲಿಲ್ಲ. ಅವಳ ಆಯುಷ್ಯದಲ್ಲಿ ಹಾಗಾದದ್ದು ಅದೇ ಮೊದಲು.

ಮಧ್ಯಾಹ್ನ ಅವಳೇ "ಹಚ್ಚ್ರಿ ಫೋನು" ಎಂದಳು.

ಬಸವಕುಮಾರ ಬಂದವನು ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತ. ಒಳಗೆ ಕಾಲಿಡಲಿಲ್ಲ. ಚಂದ್ರಿ ಎರಡು ಸಲ ಕೂಗುವವರೆಗೆ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡ.

"ಈಶಪ್ಪಣ್ಣಾ, ಇದಕ್ಕ ನಾಯಿ ಕಡಿದಿತ್ತೇನು?"

"ಇಲ್ಲಲ್ಲ. ದೀಪಾವಳಿ ಮುಂದ ಹಿಂಗಾಲಿಗೆ ಜಾಲಿಮುಳ್ಳ ಚುಚ್ಚಿತ್ತು. ಅರಿಷಿಣ ಹಚ್ಚಿದ್ನಿ."

"ಗೀರಿತ್ತೋ, ತೂತ ಇದ್ವೋ?"

ಈಶಪ್ಪ ತಡೆದು ಹೇಳಿದ. "ತೂತ. ಎರಡು."

ಬಸವಕುಮಾರ ಚಂದ್ರಿಯನ್ನು ಬಿಟ್ಟು ಮನೆಯವರ ಕಡೆ ತಿರುಗಿದ.

"ಇದು ನಾಯಿಹುಚ್ಚು. ಆಕಳ ಉಳಿಯಂಗಿಲ್ಲ. ಗಂಟಲದಾಗ ಏನೋ ಸಿಕ್ಕಂಗ ಕಾಣತೈತಿ, ಸಿಕ್ಕಿರಂಗಿಲ್ಲ. ಬಾಯಾಗ ಯಾರರ ಕೈ ಹಾಕೀರೇನು?"

ಕಳಕಮ್ಮನ ಬಲಗೈ ಸೆರಗಿನೊಳಗೆ ಹೋಯಿತು.

"ಇಲ್ಲ," ಎಂದಳು.

ಹೌದು ಎಂದರೆ ಆ ಕೈಯನ್ನು ಇನ್ನು ಯಾರು ಕರೆಯುತ್ತಾರೆ? ಯಾವ ಕೊಟ್ಟಿಗೆಯೊಳಗೆ ಬಿಡುತ್ತಾರೆ? ಮೂವತ್ತು ವರ್ಷ ಒಳಗಿನದನ್ನೆಲ್ಲ ಮುಟ್ಟಿಯೇ ತಿಳಿದ ಕೈ ಮುಂಜಾನೆ ಮುಟ್ಟಿದ್ದು ಏನನ್ನು ಎಂಬುದು ಅವಳಿಗೆ ಈಗ ಗೊತ್ತಾಗಿತ್ತು. ಆದರೂ ಬಾಯಿ ಇಲ್ಲವೆಂದೇ ಹೇಳಿತು. ಈಶಪ್ಪ ನೆಲ ನೋಡಿದ.

ಸುರೇಖಾ ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಹೊರಗಿನವರ ಮುಂದೆ ಅತ್ತೆಗೆ ಎದುರು ಮಾತಾಡಿದವಳಲ್ಲ.

"ಹಾಕ್ಯಾರ್ರಿ ಸರ. ಇವತ್ತ ಮುಂಜಾನಿ, ಮೊಣಕೈತನಕ. ಕೈಗೆ ಗಾಯ ಐತ್ರಿ."

"ಏ ಹುಡುಗಿ! ಯಾರನ್ನ ಸುಳ್ಳಿ ಮಾಡಾಕತ್ತಿ?"

"ನೀವು ಬಯ್ರಿ ಅತ್ತೀ, ಆಮ್ಯಾಲ ಎಷ್ಟರ ಬಯ್ರಿ. ಈಗ ಕೈ ತೋರಸ್ರಿ."

ಬಸವಕುಮಾರ ಸಾಬೂನು ತರಿಸಿದ. ನಳದ ಕೆಳಗೆ ಹದಿನೈದು ನಿಮಿಷ ತೊಳೆಸಿದ. ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದ. ಕಳಕಮ್ಮ ಆ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ತಿಕ್ಕಿದಳು.

"ಈ ರೋಗ ಎದ್ದ ಮ್ಯಾಲ ಔಷಧ ಇಲ್ಲ ಅಮ್ಮಾರ. ಏಳೂ ಮೊದಲ ಸೂಜಿ ಮಾಡಿಸ್ಕೊಂಡ್ರ ಏಳಂಗಿಲ್ಲ. ನಾಳಿ ಅನ್ನಬ್ಯಾಡ್ರಿ, ಈಗಿನ ಬಸ್ಸಿಗೇ ಕೊಪ್ಪಳಕ್ಕ ಹೋಗ್ರಿ." ಆಮೇಲೆ ಕರುವನ್ನು ನೋಡಿದ. "ತಾಯಿ ನೆಕ್ಕೈತೇನು ಇದನ್ನ? ಹೊಕ್ಕಳಾ?"

"ಯಾವ ತಾಯಿ ನೆಕ್ಕಂಗಿಲ್ರಿ?" ಎಂದಳು ಕಳಕಮ್ಮ.

ಅವನು ಚೀಲ ಬಿಚ್ಚಿದ. ಕರುವಿಗೆ ಸೂಜಿ ಚುಚ್ಚಿದ. ಬೇರೆ ಕಟ್ಟಬೇಕು, ಕೈಗವಸು ಇಲ್ಲದೆ ಮುಟ್ಟಬಾರದು, ಬಾಟಲಿಯಲ್ಲಿ ಎಮ್ಮೆ ಹಾಲು ಕುಡಿಸಬೇಕು ಎಂದ. "ಉಳಿತೈತಿ ಅಂತ ಹೇಳಾಕ ಬರಂಗಿಲ್ಲ. ತಿಂಗಳಗಟ್ಟಲೆ ನೋಡಬೇಕು. ನೀರು ಕುಡಿಯೂದ ಬಿಟ್ರ, ದನಿ ಬದಲಾದ್ರ ಫೋನ್ ಹಚ್ರಿ."

ಅಷ್ಟರಲ್ಲಿ ಸಬೀನಾ ಬಾಗಿಲಾಚೆ ಬಂದು ನಿಂತಿದ್ದಳು. ಎಂದೂ ಹೊಸ್ತಿಲಾಚೆ ನಿಂತವಳಲ್ಲ.

"ನಾವು ಗಿಣ್ಣ ಬೇಯಿಸೇ ತಿಂದೀವ್ರಿ ಡಾಕ್ಟರ್ರ. ಬೇಯಿಸಿದ್ರ ಏನಾಗಂಗಿಲ್ಲ, ಹೌದಲ್ರಿ?"

"ಏನಾಗಂಗಿಲ್ಲ."

"ಏನೂ ಆಗಂಗಿಲ್ಲಲ್ರಿ?"

ಮೂರನೆಯ ಸಲವೂ ಕೇಳಿ ಹೋದಳು.

ಕೊಪ್ಪಳದ ಆಸ್ಪತ್ರೆಯಲ್ಲಿ ತೋಳಿಗೆ ಒಂದು ಸೂಜಿ, ಗಾಯದ ಸುತ್ತ ಇನ್ನೊಂದು ಚುಚ್ಚಿದರು. ಮತ್ತೆ ಬರಬೇಕಾದ ದಿನಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಚಂದ್ರಿ ಇನ್ನೆರಡು ದಿನ ಕೂಗಿತು. ಮೂರನೆಯ ದಿನ ಕೂಗಲಿಲ್ಲ. ಹೊಲದ ಬದುವಿನಲ್ಲಿ ಆಳವಾದ ಗುಂಡಿ ತೋಡಿಸಿ ಸುಣ್ಣ ಸುರಿದು ಹೂಳಿದರು. ಕಳಕಮ್ಮ ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಅಡುಗೆಮನೆಯಲ್ಲಿ ಕೂತಿದ್ದಳು.

ಅದರ ಮುಂದಿನ ವಾರ ಕೆಳಗಿನ ಓಣಿಯ ಯಂಕೋಬನ ಎಮ್ಮೆಗೆ ಹೆರಿಗೆಯ ತ್ರಾಸವಾಯಿತು. ಅವನು ಓಡುತ್ತಲೇ ಓಣಿಗೆ ಬಂದ. ಕಟ್ಟೆಯ ಮೇಲೆ ಕೂತಿದ್ದ ಕಳಕಮ್ಮ ಅಭ್ಯಾಸಬಲದಿಂದ ಎದ್ದೇಬಿಟ್ಟಳು. ಅವಳನ್ನು ನೋಡಿ ಅವನ ಕಾಲು ನಿಧಾನವಾಯಿತು. ಜೇಬಿನಿಂದ ಮೊಬೈಲು ತೆಗೆದು, ತಿರುಗಿ ನಡೆಯುತ್ತಲೇ ಡಾಕ್ಟರಿಗೆ ಹಚ್ಚಿದ. ಅವಳು ಮೆಲ್ಲಗೆ ಕೂತಳು.

"ಅಂವ ಕರದ್ರೂ ನೀ ಹೋಗ್ತಿದ್ದಿಲ್ಲ ಬಿಡು," ಎಂದ ಈಶಪ್ಪ.

"ಹೋಗ್ತಿದ್ನಿ," ಎಂದಳು.

ಮೂರನೆಯ ಸೂಜಿಗೆ ಹೋಗುವಾಗ ಬಸ್ಸಿನಲ್ಲಿ ಅವಳು ಸುರೇಖಾಳೊಂದಿಗೆ ಆಡಿದ್ದು ಒಂದೇ ಮಾತು. ಕಿಟಕಿಯ ಹೊರಗೆ ಕಡಲೆಹೊಲ ನೋಡುತ್ತ ಹೇಳಿದಳು: "ಅವತ್ತ ನೀ ಹೇಳಿರಲಿಲ್ಲ ಅಂದ್ರ ನಾ ಹೇಳ್ತಿರಲಿಲ್ಲ." ಸುರೇಖಾ ಅವಳ ಸೆರಗು ಸರಿಮಾಡಿದಳು. ಕೈ ಮುಟ್ಟಲಿಲ್ಲ.

ಸೂಜಿಗಳು ಮುಗಿದಿವೆ. ಇನ್ನು ಹೆದರಬೇಕಿಲ್ಲ ಎಂದು ಕೊಪ್ಪಳದ ಡಾಕ್ಟರು ಹೇಳಿದ್ದಾರೆ. ಗಾಯ ಮಾಗಿ ಸಣ್ಣ ಗೆರೆಯಾಗಿದೆ. ಆದರೂ ಕಳಕಮ್ಮ ದಿನಾ ಎದ್ದ ಕೂಡಲೇ ಕರುವಿನ ಬಳಿ ಹೋಗುತ್ತಾಳೆ. ನಾಲ್ಕು ಮಾರು ದೂರ ನಿಲ್ಲುತ್ತಾಳೆ. ಸುರೇಖಾ ಬಕೆಟ್ಟಿನಲ್ಲಿ ನೀರಿಡುತ್ತಾಳೆ. ಕರು ಮೂತಿ ಅದ್ದುತ್ತದೆ. ಅದರ ಎಳೆಯ ಗಂಟಲು ಮೇಲೆ ಕೆಳಗೆ ಆಡುತ್ತದೆ. ಅದನ್ನು ನೋಡಿದ ಮೇಲೆಯೇ ಅವಳು ಚಹಾ ಮುಟ್ಟುವುದು. ಹಾಗೆ ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ.

ಮೊನ್ನೆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಕರು ನೀರು ಮೂಸಿತು, ತಲೆ ಎತ್ತಿತು. ಮತ್ತೆ ಮೂಸಿತು. ಕುಡಿಯಲಿಲ್ಲ.

"ತಣ್ಣಗದಾವ್ರಿ ಅತ್ತೀ ನೀರು," ಎಂದಳು ಸುರೇಖಾ, ಬೇಗ ಬೇಗ. "ಥಂಡಿಗೆ ಒಲ್ಲೆ ಅಂತೈತಿ. ಕಾಸಿ ತರ್ತೀನಿ ತಡೀರಿ." ಬಕೆಟ್ಟು ಎತ್ತಿಕೊಂಡು ಒಳಗೆ ಓಡಿದಳು.

ಕಳಕಮ್ಮ ನಿಂತಲ್ಲೇ ನಿಂತಳು. ಕಟ್ಟೆಯ ಮೇಲಿದ್ದ ನೀರಿನ ತಂಬಿಗೆಯನ್ನು ಬಲಗೈಯಲ್ಲಿ ಎತ್ತಿ ಒಂದು ಗುಟುಕು ಕುಡಿದಳು. ಅದು ಇಳಿದುಹೋಗುವವರೆಗೆ ಕಣ್ಣು ಮುಚ್ಚಿ ಕಾದಳು. ಆಮೇಲೆ ಇನ್ನೊಂದು ಗುಟುಕು. ಒಳಗೆ ಒಲೆ ಹತ್ತುವ ಸದ್ದಾಯಿತು. ಕರು ಅವಳನ್ನೇ ನೋಡುತ್ತಿತ್ತು.