ಹೂವಪ್ಪನ ಹೊಸ ಬನಿಯನ್

ಹಿರೇಬೆಂಡಿಗೇರಿಯ ಸಂಘಮಿತ್ರಾ ಮಣ್ಣಿನ ವಿಜ್ಞಾನಿ. ಶಿಗ್ಗಾಂವಿ, ಹಾನಗಲ್ಲ ಸೀಮೆಯ ರೈತರೆಲ್ಲ ಅವಳ ಮಾತು ಕೇಳುತ್ತಿದ್ದರು. ಕೇಳದವನು ಒಬ್ಬನೇ, ಅವಳ ಅಪ್ಪ ಹೂವಪ್ಪ. ಅವನಿಗೆ ಗೊಬ್ಬರವೆಂದರೆ ಚೀಲದ ಯೂರಿಯಾ.

ಈ ಮುಂಗಾರಿನಲ್ಲಿ ಅವಳು ಮಣ್ಣಿನ ಪರೀಕ್ಷೆಗೆಂದು ಅಪ್ಪನ ಎರಡು ಹೊಸ ಹತ್ತಿ ನೂಲಿನ ಬನಿಯನ್ ಎತ್ತಿಕೊಂಡು ಒಂದನ್ನು ಅವನ ಗೋವಿನಜೋಳದ ಹೊಲದಲ್ಲಿ, ಇನ್ನೊಂದನ್ನು ಅವ್ವ ಯಂಕವ್ವನ ಹಿತ್ತಲಲ್ಲಿ ಹೂತಳು. ಆ ಹಿತ್ತಲು ಸಗಣಿ, ಕಾಯಿಪಲ್ಲೆ ಸಿಪ್ಪೆ ಬಿಟ್ಟು ಬೇರೇನನ್ನೂ ಕಂಡದ್ದಲ್ಲ.

ಎರಡು ತಿಂಗಳ ಮೇಲೆ ಅಗೆದರು. ಹೊಲದ ಬನಿಯನ್ ಮಾಸಿತ್ತು, ಅಷ್ಟೇ; ಒಂದು ತೂತೂ ಇರಲಿಲ್ಲ. ಹಿತ್ತಲಿನದು ಕೊರಳ ಪಟ್ಟಿಯಷ್ಟೇ ಉಳಿದಿತ್ತು.

ಹೂವಪ್ಪ ಮೀಸೆ ತಿರುವಿದ. "ನನ್ನ ಹೊಲ ಎಷ್ಟ ಜ್ವಾಕಿ ಮಾಡೇತಿ ನೋಡು! ನಿಮ್ಮವ್ವನ ಹಿತ್ತಲಾ ಬನಿಯನ್ ಅರಿವಿನೂ ಬಿಟ್ಟಿಲ್ಲ."

ಸಂಘಮಿತ್ರಾಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಅರಿವಿ ತಿನ್ನೂದು ಮಣ್ಣಾಗಿನ ಜೀವಿಗಳು. ತಿಂದ ಮಣ್ಣಿನ್ಯಾಗ ಜೀವ ಐತಿ. ನಿನ್ನ ಹೊಲಕ್ಕ ಹಸಿವೇ ಇಲ್ಲ."

"ಎಲ್ಲಿಂದ ಇರಬೇಕು?" ಎಂದಳು ಯಂಕವ್ವ. "ಇಷ್ಟ ವರ್ಷ ಅದಕ್ಕ ಒಂದ ತುತ್ತ ಊಟಾ ಹಾಕೀರೇನ್ರಿ? ಬರೇ ಗುಳಿಗಿ ನುಂಗಿಸೀರಿ."

ಹೂವಪ್ಪ ಮಾಸಿದ ಬನಿಯನ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಯಂಕವ್ವ ಹಿತ್ತಲಿಗೆ ಹೋದರೆ ತಿಪ್ಪೆ ಅರ್ಧ ಖಾಲಿ. ಗಂಡ ಅದೇ ಮಾಸಲು ಬನಿಯನ್ ತೊಟ್ಟು, ತಲೆಯ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ಹೊಲದ ದಾರಿ ಹಿಡಿದಿದ್ದ.

"ಏನ್ರೀ," ಯಂಕವ್ವ ಕೂಗಿದಳು, "ನನ್ನ ಹಿತ್ತಲಾ ಉಪಾಸ ಕೆಡವಬ್ಯಾಡ್ರಿ!"