ರತ್ನಿಯ ತೂಕ

ದೆವ್ವ, ಆತ್ಮ, ಮೈಮೇಲೆ ಬರುವುದು ಇವನ್ನೆಲ್ಲ ಕೇಳಿದರೆ ಒಂದು ಕಾಲದಲ್ಲಿ ನನಗೆ ನಗು ಬರುತ್ತಿತ್ತು. ನಕ್ಕು ಸುಮ್ಮನಾಗುವವಳೂ ಅಲ್ಲ, ಎದುರಿಗಿದ್ದವರು ನಂಬಿದ್ದರೆ ಅವರ ಜೊತೆ ಜಗಳಕ್ಕೇ ಇಳಿಯುತ್ತಿದ್ದೆ. ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಲ್ಯಾಬ್ ಸಹಾಯಕಿಯಾಗಿದ್ದೆ. ಅಂಗೈಗೆ ಸುಣ್ಣ ಸವರಿಕೊಂಡು ಅರಿಸಿನದ ನೀರನ್ನು ರಕ್ತ ಮಾಡಿ ತೋರಿಸುವ ಮಂತ್ರವಾದಿಗಳ ಗುಟ್ಟನ್ನು ಮಕ್ಕಳ ಮುಂದೆ ಬಯಲು ಮಾಡುವುದೆಂದರೆ ನನಗೆ ಹಬ್ಬ. ಅಂಥವಳಿಗೇ ಇದು ಆಯಿತು. ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದುದಕ್ಕೆ ಕಾರಣ, ಕೇಳಿದವರು ನಕ್ಕರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಈಗ ವಯಸ್ಸಾಗಿದೆ. ನಗುವವರು ನಗಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲಿನ ಹಳೆಯ ಛತ್ರವೊಂದರ ಮಹಡಿಯಲ್ಲಿ, ಹರದನಹಳ್ಳಿಯ ಬಸಪ್ಪ ಮೇಷ್ಟ್ರು ಎಂಬ ನಿವೃತ್ತ ಉಪಾಧ್ಯಾಯರು ಮಕ್ಕಳಿಗಾಗಿ ಒಂದು ವಿಜ್ಞಾನ ಸಂಗ್ರಹಾಲಯ ತೆರೆದಿದ್ದರು. ಸಂಗ್ರಹಾಲಯ ಎನ್ನುವುದು ದೊಡ್ಡ ಮಾತಾಯಿತು. ಇದ್ದದ್ದು ಎರಡು ಕೋಣೆ. ಮುಖವನ್ನು ಕುಂಬಳಕಾಯಿ ಮಾಡಿ ತೋರಿಸುವ ಕನ್ನಡಿಗಳು, ಸೈಕಲ್ ತುಳಿದರೆ ಉರಿಯುವ ಬಲ್ಬು, ಯಾವುದೋ ಗುಜರಿಯಿಂದ ತಂದು ಬಣ್ಣ ಬಳಿದ ದೊಡ್ಡ ತೂಕದ ಯಂತ್ರ, ಇಂಥವು. ಬಾಗಿಲು ತೆರೆಯುತ್ತಿದ್ದುದು ಭಾನುವಾರ ಮಾತ್ರ. ನಾವು ಕೆಲವರು ಸಂಬಳದ ಮಾತಿಲ್ಲದೆ ಹೋಗಿ ಮಕ್ಕಳಿಗೆ ಎಲ್ಲವನ್ನೂ ತೋರಿಸಿ ಹೇಳಿಕೊಡುತ್ತಿದ್ದೆವು. ‘ಮುಟ್ಟಬೇಡಿ’ ಎಂಬ ಫಲಕ ಅಲ್ಲಿ ಎಲ್ಲೂ ಇರಕೂಡದೆಂಬುದು ಮೇಷ್ಟ್ರ ಹಟ.

ತೊಂದರೆಯಿದ್ದುದು ಮೆಟ್ಟಿಲಿನದು. ಇಕ್ಕಟ್ಟು, ಕಡಿದು, ನಡುವೆ ಒಂದು ತಿರುವು ಬೇರೆ. ಇಳಿಜಾರು ದಾರಿ ಮಾಡಿಸೋಣವೆಂದರೆ ಜಾಗವಿಲ್ಲ. ಹಾಗಾಗಿ ನಡೆಯಲಾರದ ಮಕ್ಕಳು ಬಂದರೆ ನಾವೇ ಉಪ್ಪುಮೂಟೆ ಮಾಡಿಕೊಂಡು ಹತ್ತಿಸುವುದು ಅಲ್ಲಿನ ಪದ್ಧತಿಯಾಯಿತು. “ಮೆಟ್ಲು ನಮ್ದು ಕಣ್ರಪ್ಪ, ಮಕ್ಕಳದ್ದಲ್ಲ. ನಾವೇ ವೊರಬೇಕು” ಎನ್ನುತ್ತಿದ್ದರು ಮೇಷ್ಟ್ರು. ಗಂಡುಮಕ್ಕಳನ್ನು ಹೊರಲು ಬೇರೆಯವರಿದ್ದರು. ಹೆಣ್ಣುಮಕ್ಕಳು ಬಂದರೆ ನಾನು. ನನಗೆ ರೂಪ ಹಂಚುವಾಗ ಕೈ ಬಿಗಿ ಹಿಡಿದ ದೇವರು ಬೆನ್ನು ಕೊಡುವಾಗ ಧಾರಾಳಿಯಾಗಿದ್ದ ಎಂದು ನಾನೇ ಹೇಳಿಕೊಂಡು ನಗುತ್ತಿದ್ದೆ.

ರತ್ನಿ ದಾರಿಯ ನಡುವೆ ಸಿಗುವ ತೆರಕಣಾಂಬಿಯವಳು. ಪೋಲಿಯೋ ಬಂದು ಎರಡೂ ಕಾಲು ಸೊರಗಿಹೋಗಿದ್ದವು. ಹತ್ತು ಹನ್ನೊಂದು ವರ್ಷ ಇದ್ದಿರಬೇಕು. ಗುಂಡ್ಲುಪೇಟೆಯಿಂದ ನಾನು ಬರುವ ಬಸ್ಸಿಗೇ ಅವಳ ತಾಯಿ ಮಾದಮ್ಮ ಅವಳನ್ನು ಹೊತ್ತುಕೊಂಡು ಹತ್ತುತ್ತಿದ್ದಳು. ಮಾದಮ್ಮ ಅರಿಸಿನದ ಹೊಲಗಳಲ್ಲಿ ಕೂಲಿ ಮಾಡುವವಳು. ವಾರಕ್ಕೊಂದೇ ಬಿಡುವಿನ ದಿನ, ಅದನ್ನೂ ಮಗಳಿಗೆ ಕೊಟ್ಟಿದ್ದಳು. ನಾನು ಸೀಟು ಹಿಡಿದು ಕಾಯುತ್ತಿದ್ದೆ. ರತ್ನಿ ನನ್ನ ಪಕ್ಕ ಕೂತಳೆಂದರೆ ಚಾಮರಾಜನಗರದವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೂತಿರುವ ಮೋಡವನ್ನು ಕೈಯಲ್ಲಿ ಹಿಡಿಯಬಹುದೇ, ಹಿಡಿದರೆ ಒದ್ದೆಯಾಗುತ್ತದೆಯೇ, ಬಸ್ಸು ನಿಂತಾಗ ನಾವೇಕೆ ಮುಂದಕ್ಕೆ ಬೀಳುತ್ತೇವೆ, ಹೀಗೆ. ಕಂಡಕ್ಟರೂ ಸೋತುಹೋಗಿದ್ದ.

ಮಾದಮ್ಮ ಮಾತ್ರ ಒಂದು ದಿನವೂ ಮಹಡಿಗೆ ಬಂದವಳಲ್ಲ. ಎಷ್ಟು ಕರೆದರೂ “ನಂಗ್ಯಾಕವ್ವ, ಅದು ಓದೋರ ಜಾಗ” ಎಂದು ಮೆಟ್ಟಿಲ ಬುಡದಲ್ಲೇ ಕೂರುತ್ತಿದ್ದಳು. ನನ್ನ ಬೆನ್ನಿಗೆ ಮಗಳನ್ನು ಏರಿಸಿ, ಅವಳ ಲಂಗದ ಅಂಚನ್ನು ಹಿಂದಿನಿಂದ ಕೆಳಕ್ಕೆ ಎಳೆದು ಸರಿಮಾಡಿ ಕಳಿಸುತ್ತಿದ್ದಳು.

ಮೇಲೆ ರತ್ನಿಗೆ ಪ್ರಿಯವಾದದ್ದು ಆ ತೂಕದ ಯಂತ್ರ. ಹತ್ತಿ ನಿಂತರೆ ಭೂಮಿಯ ಮೇಲೆ ನಿಮ್ಮ ತೂಕವೆಷ್ಟು, ಚಂದ್ರನ ಮೇಲೆ ಎಷ್ಟು, ಗುರುಗ್ರಹದಲ್ಲಿ ಎಷ್ಟು ಎಂದು ಮುಳ್ಳು ತೋರಿಸುತ್ತಿತ್ತು. ಅವಳಿಗೆ ನಿಲ್ಲಲಾಗದ್ದರಿಂದ ಮೊದಲು ಅವಳನ್ನು ಹೊತ್ತು ನಾನು ನಿಲ್ಲುತ್ತಿದ್ದೆ. ಆಮೇಲೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ನಿಲ್ಲುತ್ತಿದ್ದೆ. ಕಳೆಯುವ ಲೆಕ್ಕ ಅವಳದು. ನನ್ನ ತೂಕವನ್ನು ಇಲ್ಲಿ ಬರೆಯುವುದಿಲ್ಲ, ಅವಳು ಮಾತ್ರ ಅದನ್ನು ಕೋಣೆಗೆಲ್ಲ ಕೇಳುವಂತೆ ಓದುತ್ತಿದ್ದಳು. ಚಂದ್ರನ ಮೇಲೆ ತಾನು ಒಂದು ಕೂಸಿನಷ್ಟು ಹಗುರ ಎಂದು ಮೊದಲ ಸಲ ತಿಳಿದಾಗ, “ಅಂಗಾರೆ ಅಲ್ಲಿ ಅವ್ವ ನನ್ನ ಒಂದೇ ಕೈಲಿ ಎತ್ಕಬೋದು ಅಲ್ವಾ ಅಕ್ಕ?” ಎಂದಳು.

ಅವಳು ಬೆಳೆಯುತ್ತಿದ್ದಳು. ಮಾದಮ್ಮನ ಸೊಂಟ ಸೋಲುತ್ತಿತ್ತು. ಒಂದು ಭಾನುವಾರ ಹಿಂತಿರುಗಿ ತೆರಕಣಾಂಬಿಯಲ್ಲಿ ಇಳಿಯುವಾಗ ಮಾದಮ್ಮ ಬಸ್ಸಿನ ಮೆಟ್ಟಿಲಲ್ಲೇ ಕುಸಿದು ಕೂತಳು. ಎದ್ದವಳು ಉಸಿರು ಬಿಡುತ್ತ, “ಇನ್ನು ನನ್ ಕೈಲಿ ಆಗಕ್ಕಿಲ್ಲ ಕಣಮ್ಮಿ, ನಿನ್ನ ಒತ್ಕಂಡು ತಿರ್ಗಕ್ಕೆ” ಎಂದುಬಿಟ್ಟಳು. ಸಿಟ್ಟಿನಲ್ಲಿ ಹೇಳಿದ್ದಲ್ಲ, ನೋವಿನಲ್ಲಿ ಬಾಯಿಂದ ಬಂದ ಮಾತು. ರತ್ನಿ ಅವ್ವನ ಹೆಗಲಿಗೆ ಮುಖ ಒತ್ತಿಕೊಂಡಳು.

ಮುಂದಿನ ಭಾನುವಾರ ಅವರು ಬಸ್ಸು ಹತ್ತಲಿಲ್ಲ. ರತ್ನಿಗೆ ಜ್ವರ ಬಂದಿತ್ತು. ಮೈಸೂರಿನ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಕೈಮೀರಿತ್ತು. ಸುದ್ದಿ ಹೇಳಿದವನು ಅದೇ ಕಂಡಕ್ಟರ್. ನಾನು ಹಿಡಿದಿಟ್ಟಿದ್ದ ಸೀಟಿನ ಮೇಲೆ ಕೈಚೀಲ ಹಾಗೆಯೇ ಇತ್ತು. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಆ ದಿನ ಇಡೀ ದಾರಿ ಅತ್ತೆ.

ಹಲವು ವಾರಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಮಾದಮ್ಮ ಒಬ್ಬಳೇ ಬಂದಳು. ಮಕ್ಕಳೆಲ್ಲ ಹೋಗಿಯಾಗಿತ್ತು. ಮೇಷ್ಟ್ರು ಕೆಳಗೆ ಯಾರೊಡನೆಯೋ ಮಾತಾಡುತ್ತಿದ್ದರು. ಅವಳು ಬುಡದಲ್ಲಿ ಕೂರಲಿಲ್ಲ. “ಅದೇನೋ ತೂಕದ ಮಿಸನ್ನು ಅಂತಿದ್ಲಲ್ಲ, ಅದ ತೋರ್ಸವ್ವ” ಎಂದಳು. ಕೈಹಿಡಿದು ಹತ್ತಿಸಿದೆ. ತಿರುವಿನಲ್ಲಿ ನಿಂತು ನನ್ನ ಮುಖ ನೋಡಿದಳು. “ನೀನೂ ಅವಳ್ನ ಬೆನ್ ಮ್ಯಾಲೆ ಒತ್ತಿದ್ದೀಯಲ್ಲ, ನಿಜ ಏಳು. ಬಾರ ಆಗಿದ್ಲಾ? ನಾನು ಅಂಗಂದುಬುಟ್ಟೆ ಕಣವ್ವ. ಅದೇ ಎದೇಲಿ ಇಟ್ಕಂಡು ಓಗ್ಬುಟ್ಲೇನೋ.”

ಅಷ್ಟು ದೊಡ್ಡ ಹುಡುಗಿ ಹಗುರವಾಗಿರುತ್ತಾಳೆಯೇ? ಅದೇ ತಿರುವಿನಲ್ಲಿ ಪ್ರತಿ ವಾರ ನಾನು ಗೋಡೆಗೆ ಒರಗಿ ಏದುಸಿರು ಬಿಟ್ಟವಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಆ ಕಣ್ಣುಗಳ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ. ಹಿಡಿದ ಕೈ ಬಿಡದೆ ಮೇಲೆ ಕರೆದುಕೊಂಡು ಹೋದೆ.

ಕೋಣೆಯಲ್ಲಿ ಹಗಲು ಬೆಳಕು ತುಂಬಿತ್ತು. ಕತ್ತಲೆಯ ಭ್ರಮೆ ಅನ್ನುವ ಹಾಗಿಲ್ಲ. ನಾವು ತೂಕ ನೋಡುತ್ತಿದ್ದ ಬಗೆಯನ್ನು ಮಾದಮ್ಮನಿಗೆ ವಿವರಿಸುತ್ತ, “ಮೊದಲು ಹೀಗೆ ನಿಲ್ಲುತ್ತಿದ್ದೆ” ಎಂದು ಯಂತ್ರ ಹತ್ತಿದೆ. ಅಭ್ಯಾಸದಿಂದ ಕೈಗಳು ಹಿಂದಕ್ಕೆ ಹೋದವು. ಮುಳ್ಳು ಏರಿತು. ನನ್ನ ತೂಕದ ಗೆರೆಯಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದನ್ನು ದಾಟಿ ನಿಧಾನವಾಗಿ ಮೇಲೆ ಹೋಗಿ, ರತ್ನಿಯನ್ನು ಹೊತ್ತಾಗ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ನಿಂತಿತು.

ಹಳೆಯ ಯಂತ್ರ, ಸ್ಪ್ರಿಂಗು ಹಿಡಿದುಕೊಂಡಿದೆ ಎಂದುಕೊಂಡೆ. ಇಳಿದು ಮತ್ತೆ ಹತ್ತೋಣವೆಂದು ಒಂದು ಕಾಲು ಎತ್ತಿದೆ.

“ಇಳೀಬ್ಯಾಡ” ಎಂದಳು ಮಾದಮ್ಮ. “ವಸಿ ವೊತ್ತು ಅಂಗೇ ನಿಂತ್ಕೊ.”

ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಮುಳ್ಳಿನ ವಿಷಯ ನಾನಿನ್ನೂ ಬಾಯಿಬಿಟ್ಟಿರಲಿಲ್ಲ. ಮುಳ್ಳಿನ ಕಡೆ ಅವಳು ನೋಡುತ್ತಲೂ ಇರಲಿಲ್ಲ. ನನ್ನ ಹೆಗಲ ಮೇಲಿಂದ ಸ್ವಲ್ಪ ಹಿಂದಕ್ಕೆ ನೋಡುತ್ತಿದ್ದಳು. ಆಮೇಲೆ ನನ್ನ ಹಿಂದೆ ಬಂದು, ಬೆನ್ನಿನಿಂದ ಒಂದು ಗೇಣು ಆಚೆಗೆ, ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದು ಸರಿಮಾಡಿದಳು. ಎದುರಿನ ಕನ್ನಡಿಯಲ್ಲಿ ಅವಳ ಕೈ ನನಗೆ ಕಾಣುತ್ತಿತ್ತು. ಬೇರೇನೂ ಕಾಣಲಿಲ್ಲ. ನನಗೆ ಭಯವಾಯಿತು ಎಂದರೆ ಸುಳ್ಳು.

ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. ಕೊನೆಗೆ ಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮನೆಯಲ್ಲಿ ಮಗಳನ್ನು ಕರೆಯುವ ದನಿಯಲ್ಲಿ, “ಸಾಕು ಇಳಿ ಕಣಮ್ಮಿ, ಅಕ್ಕಂಗೆ ಬೆನ್ನು ನೋಯ್ತದೆ. ಓಗನ” ಎಂದಳು. ಮುಳ್ಳು ನಡುಗಿತು. ಹಿಂದಕ್ಕೆ ಬಂದು ನನ್ನ ತೂಕದ ಗೆರೆಯಲ್ಲಿ ನಿಂತಿತು. ನಾನು ಕದಲಿರಲಿಲ್ಲ.

“ಈಗ ಏಳವ್ವ” ಎಂದಳು ಮಾದಮ್ಮ. “ಬಾರ ಇದ್ಲಾ?”

“ಇಲ್ಲ ಮಾದಮ್ಮ” ಎಂದೆ. “ಒಂಚೂರೂ ಗೊತ್ತಾಗಲಿಲ್ಲ.”

ಅವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ, ಎರಡೂ ಇತ್ತು. ಮತ್ತೆ ಅವಳು ಆ ಕಡೆ ಬರಲಿಲ್ಲ.

ಮುಂದಿನ ವಾರ ಶಾಲೆಯ ಹಿತ್ತಾಳೆ ತೂಕದ ಬಟ್ಟುಗಳನ್ನು ಚೀಲದಲ್ಲಿ ತಂದು ಯಂತ್ರವನ್ನು ಪರೀಕ್ಷಿಸಿದೆ. ಮೇಷ್ಟ್ರು ಹಿಂಬದಿಯ ತಗಡು ಬಿಚ್ಚಿ ಸ್ಪ್ರಿಂಗು ನೋಡಿದರು. “ಇದಕ್ಕೇನಾಗಿದೆ? ಸರಿಯಾಗೇ ಐತಲ್ಲ ತಾಯಿ” ಎಂದರು. ಅವರಿಗೂ ನಾನು ಕಾರಣ ಹೇಳಲಿಲ್ಲ.

ಸ್ಪ್ರಿಂಗು ಒಮ್ಮೆ ಹಿಡಿದು ಆಮೇಲೆ ಬಿಡಬಹುದು, ಅದನ್ನು ನಾನು ಒಪ್ಪುತ್ತೇನೆ. ಮಗಳನ್ನು ಕಳೆದುಕೊಂಡ ತಾಯಿಯ ಕೈ ತಾನಾಗಿ ಗಾಳಿಗೆ ಹೋಗಬಹುದು, ಅದನ್ನೂ ಒಪ್ಪುತ್ತೇನೆ. ಆದರೆ ಮುಳ್ಳು ತೋರಿಸಿದಷ್ಟು ತೂಕ ನನ್ನ ಬೆನ್ನ ಮೇಲೆ ಇದ್ದದ್ದೇ ಆದರೆ, ವಾರವಾರವೂ ಅದನ್ನೇ ಹೊತ್ತು ಏದುಸಿರು ಬಿಟ್ಟಿದ್ದ ಈ ಬೆನ್ನಿಗೆ ಅದು ಏಕೆ ತಿಳಿಯಲಿಲ್ಲ? ಇರಲೇ ಇಲ್ಲವೆಂದಾದರೆ, ತಾಯಿ ಇಳಿ ಎಂದಾಗ ಇಳಿದದ್ದು ಏನು? ನನಗೆ ಗೊತ್ತಿರುವುದು ಇಷ್ಟೇ, ಆ ಮಧ್ಯಾಹ್ನ ಮಾದಮ್ಮನಿಗೆ ನಾನು ಸುಳ್ಳು ಹೇಳಲಿಲ್ಲ.