ಕಂಪ್ಲಿಗೆ ಹೋಗಲು ಅನುಮತಿ

ಹೊಸಪೇಟೆಯ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದು ಬದುಕಿದವನು ನಾನು. ನನ್ನ ಅರ್ಜಿಯಲ್ಲಿ ತಪ್ಪು ಹುಡುಕುವ ಗುಮಾಸ್ತ ಇನ್ನೂ ಹುಟ್ಟಿಲ್ಲ ಎಂಬ ಜಂಭ ನನ್ನದು. ಆ ಜಂಭ ಮುರಿದದ್ದು ನಮ್ಮ ಓಣಿಯ ಮುದುಕಿಯೊಬ್ಬರ ಅರ್ಜಿಯಲ್ಲಿ. ಎಲ್ಲರೂ ಅವರನ್ನು ಆಪಾ ಅನ್ನುತ್ತಿದ್ದೆವು.

ಆಪಾ ಹುಟ್ಟಿದ್ದು ಕಂಪ್ಲಿಯಲ್ಲಿ. ಮದುವೆಯಾಗಿ ಕರಾಚಿಗೆ ಹೋದರು, ಗಂಡನ ಜೊತೆ ಆ ದೇಶದ ಪಾಸ್‌ಪೋರ್ಟ್ ಪಡೆದರು. ಅಷ್ಟಕ್ಕೇ ನಮ್ಮ ಕಾನೂನು ಅವರ ಪೌರತ್ವ ಕಿತ್ತುಕೊಂಡಿತು. ಗಂಡ ತೀರಿದ ಮೇಲೆ ಹೊಸಪೇಟೆಯ ತಮ್ಮನ ಮನೆಗೆ ಮರಳಿದಾಗ ಅವರು ವೀಸಾದ ಮೇಲಿರುವ ವಿದೇಶಿ. ಜಿಲ್ಲೆ ದಾಟಲು ಪೊಲೀಸರ ಅನುಮತಿ ಬೇಕು. ಆದರೂ ಕಂಪ್ಲಿಯಲ್ಲಿದ್ದ ಅಕ್ಕನ ಮನೆಗೆ ವಾರಕ್ಕೊಮ್ಮೆ ಬಸ್ ಹತ್ತುತ್ತಿದ್ದರು. ಆಗ ಎರಡೂ ಊರು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಮೇಲೆ ನಮ್ಮದು ವಿಜಯನಗರ ಜಿಲ್ಲೆಯಾಯಿತು, ಕಂಪ್ಲಿ ಆಚೆ ಉಳಿಯಿತು. ಹೊಸ ಜಿಲ್ಲೆಗೆ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ.

ಅಕ್ಕ ಹಾಸಿಗೆ ಹಿಡಿದ ಸುದ್ದಿ ಬಂತು.

"ತಮ್ಮಾ, ಜಲ್ದಿ ಬರದ ಕೊಡಪ್ಪ. ಆಕಿ ಕಣ್ಣ ಮುಚ್ಚೂದ್ರಾಗ ಒಮ್ಮೆ ಮಾರಿ ನೋಡ್ಬೇಕು" ಎಂದರು ಆಪಾ.

ಬರೆದೆ. ನಾಲ್ಕನೇ ದಿನ ಅರ್ಜಿ ತಿರುಗಿ ಬಂತು. ವಿಳಾಸದಲ್ಲಿ "ಹೊಸಪೇಟೆ, ಬಳ್ಳಾರಿ ಜಿಲ್ಲೆ" ಎಂದು ಬರೆದಿದ್ದೆ. ಮೂವತ್ತು ವರ್ಷದ ಕೈರೂಢಿ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಗುಮಾಸ್ತನ ಮೇಲೆ ಹರಿಹಾಯ್ದೆ. ಆಪಾಗೆ ನಿಜ ಹೇಳುವ ಧೈರ್ಯ ಬರಲಿಲ್ಲ. "ಇನ್ನೊಂದು ಪ್ರತಿ ಕೇಳ್ಯಾರ್ರಿ" ಎಂದು ಸುಳ್ಳು ಹೇಳಿ, ತಿದ್ದಿ ಬರೆದ ಹಾಳೆಗೆ ಸಹಿ ಹಾಕಿಸಿದೆ.

ಅನುಮತಿ ಬರುವಷ್ಟರಲ್ಲಿ ಅಕ್ಕನನ್ನು ಮಣ್ಣು ಮಾಡಿ, ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಕೂಡ ಮುಗಿದಿತ್ತು. ಆಪಾ ಕಂಪ್ಲಿಗೆ ಹೋಗಲಿಲ್ಲ.

ಬಹಳ ಹಿಂದೆಯೇ ಹಾಕಿದ್ದ ಅರ್ಜಿಯ ಮೇಲೆ ಮರುವರ್ಷ ಅವರ ಪೌರತ್ವ ಮರಳಿತು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಗಟ್ಟಿ ದನಿಯಲ್ಲಿ ಪ್ರಮಾಣ ಓದಿದರು. ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದೆ. ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. ಮೊದಲ ಅರ್ಜಿ ಕೆಟ್ಟದ್ದು ನನ್ನಿಂದಲೇ ಎಂದು ಹೇಳಿಬಿಟ್ಟೆ. ನಾಚಿಕೆಯಿಂದ ತಲೆ ಮೇಲೇಳಲಿಲ್ಲ.

ಆಪಾ ಕಟ್ಟೆಯ ಧೂಳನ್ನು ಸೆರಗಿನಿಂದ ಒರೆಸಿದರು.

"ಎರಡನೇ ಹಾಳಿ ನೋಡಿದಾಗ್ಲೇ ಗೊತ್ತಾತಪ್ಪ" ಎಂದರು. "ಮೊದ್ಲನೇದೂ ನಾನು ಓದೇ ಸಹಿ ಹಾಕಿದ್ದೆ. ನನಗೂ ತಪ್ಪ ಅನಿಸ್ಲಿಲ್ಲ."